ಗೊಬ್ಬರ ಎರಚೋ ಮಷಿನ್ ಬಾಡಿಗೆಗೆ ಕರೆಸಿದ್ವಿ: ಮಷಿನ್‌ಗೆ ಹತ್ರತ್ರ ಫುಲ್ ಮಾರ್ಕ್ಸ್, ಸರ್ವೀಸ್‌ಗೆ ಅರ್ಧ

ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ ಕಡೆ ರಾಗಿ ಹೊಲ ತೆಂಗಿನ ತೋಟ ಎರಡೂ ಇಟ್ಕೊಂಡು ಆಳು ಸಿಗ್ದೆ ಒದ್ದಾಡ್ತಿರೋವ್ರಿಗೆ ಅಂತ ಇದನ್ನ ಬರೀತಿದೀನಿ. ಟ್ರ್ಯಾಕ್ಟರ್ ಹಿಂದೆ ಕಟ್ಟೋ ಗೊಬ್ಬರ ಎರಚೋ ಟ್ರೈಲರ್, ಮೆನ್ಯೂರ್ ಸ್ಪ್ರೆಡರ್ ಅಂತಾರಲ್ಲ, ಅದು ಈಗ ನಮ್ ಕಡೇನೂ ಬಾಡಿಗೆಗೆ ಸಿಗ್ತಿದೆ. ಯಾರ್ ಸರ್ವೀಸು ಅಂತ ಹೆಸರು ಹಾಕಲ್ಲ, ಹುಡುಗ್ರು ಈಗಿನ್ನೂ ಶುರು ಮಾಡಿದಾರೆ, ಹೊಟ್ಟೆಪಾಡು, ಅದ್ರಲ್ಲೂ ನಾನ್ ಹೇಳೋ ಕಂಪ್ಲೇಂಟು ಬರೀ ಅವ್ರೊಬ್ಬರದ್ದೇ ಅಲ್ಲ, ಈ ಬಾಡಿಗೆ ಬಿಸಿನೆಸ್ಸೇ ಹಂಗಿದೆ. ರೇಟು ಗಂಟೆಗೆ 1,300, ಡೀಸೆಲ್ಲು ಡ್ರೈವರ್ರು ಅವ್ರದ್ದೇ, ತುಂಬೋ ಜೆಸಿಬಿ ಮಾತ್ರ ನಮ್ಮ ಖರ್ಚು. ಸ್ಟಾರ್ ಕೇಳಿದ್ರೆ ಮಷಿನ್‌ಗೆ ನಾಲ್ಕೂವರೆ, ಸರ್ವೀಸ್‌ಗೆ ಎರಡೂವರೆ. ಅವ್ರ ಪಾಂಪ್ಲೆಟ್‌ನಲ್ಲಿ "ಪರಿಸರ ಸ್ನೇಹಿ, ಹಸಿರುಮನೆ ಅನಿಲ ಕಡಿಮೆ" (ಅಂದ್ರೆ ಭೂಮಿ ಬಿಸಿ ಮಾಡೋ ಗ್ಯಾಸ್ ಕಡಿಮೆ) ಅಂತ ದಪ್ಪಕ್ಷರದಲ್ಲಿ ಹಾಕಿದಾರಲ್ಲ, ಅದಕ್ಕೆ ಎಷ್ಟು ಸ್ಟಾರ್ ಅಂತ ಕೊನೇಲಿ ನೀವೇ ಹೇಳಿ.

ಮೊದ್ಲು ನಮ್ಮಲ್ಲಿ ಗೊಬ್ಬರ ಹೆಂಗೆ ಹೊಡಿಯೋದು ಅಂತ ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ವರ್ಷಪೂರ್ತಿ ಕೊಟ್ಟಿಗೆ ಸಗಣಿ, ಗಂಜಲ ಕುಡಿದ ಹುಲ್ಲು, ಬೂದಿ, ಕಸ ಎಲ್ಲ ತಿಪ್ಪೆಗೆ. ಬೇಸಿಗೆ ಬಂದ್ರೆ ಟ್ರ್ಯಾಕ್ಟರ್ ಟ್ರೈಲರ್‌ಗೆ ತುಂಬ್ಕೊಂಡು ಹೊಲದಲ್ಲಿ ಸಾಲಾಗಿ ಗುಡ್ಡೆ ಗುಡ್ಡೆ ಹಾಕೋದು, ಆಮೇಲೆ ಮಳೆ ಬರೋವರೆಗೂ ಅದು ಅಲ್ಲೇ, ಮಾರ್ಚ್ ಏಪ್ರಿಲ್ ಬಿಸ್ಲಲ್ಲಿ ಬೆಂದು ಮೇಲೆ ಬೆಳ್ಳಗೆ ಆಗಿರುತ್ತೆ. ಭರಣಿನೋ ಕೃತ್ತಿಕಾನೋ ಒಂದ್ ಹದ ಆದ್ಮೇಲೆ ಆಳು ಕರ್ದು ಮಂಕರಿ ಸಲಿಕೆ ಹಿಡಿದು ಚೆಲ್ಲೋದು, ಉಳೋದು. ಗುಡ್ಡೆ ಬಿದ್ದಿದ್ದ ಜಾಗದಲ್ಲಿ ರಾಗಿ ಕಡುಹಸಿರಾಗಿ ಎದ್ದು ಆಮೇಲೆ ಮಲ್ಕೊಳ್ಳುತ್ತೆ, ನಡುವೆ ಹಳದಿ ಹಳದಿ. ದೂರದಿಂದ ನೋಡಿದ್ರೆನೇ ಎಲ್ಲೆಲ್ಲಿ ಗುಡ್ಡೆ ಇತ್ತು ಅಂತ ಎಣಿಸ್ಬಹುದು. ಇದನ್ನ ತಪ್ಪಿಸೋಕೆ ಅಂತ್ಲೇ ಮಷಿನ್ ಕರೆಸಿದ್ದು, ಪರಿಸರ ಗಿರಿಸರ ಆಗ ತಲೇಲೇ ಇರ್ಲಿಲ್ಲ.

ಮಷಿನ್ ಸಿಂಪಲ್ಲು. ಟ್ರೈಲರ್ ತರನೇ ಡಬ್ಬ, ತಳದಲ್ಲಿ ಚೈನ್ ಕಟ್ಟಿರೋ ಪಟ್ಟಿಗಳು ಗೊಬ್ಬರಾನ ನಿಧಾನಕ್ಕೆ ಹಿಂದಕ್ಕೆ ತಳ್ಳುತ್ತೆ, ಹಿಂದುಗಡೆ ಹಲ್ಲು ಇರೋ ರೋಲರ್ ಗರಗರ ತಿರುಗಿ ಪುಡಿ ಮಾಡಿ ಎಸಿಯುತ್ತೆ. ಎಲ್ಲ ಪಿಟಿಒ, ಅಂದ್ರೆ ಟ್ರ್ಯಾಕ್ಟರ್ ಹಿಂದೆ ತಿರುಗೋ ಶಾಫ್ಟ್, ಅದ್ರ ಮೇಲೆ ಓಡೋದು, 45-50 ಎಚ್‌ಪಿ ಟ್ರ್ಯಾಕ್ಟರ್ ಬೇಕು, ಸಣ್ ಗಾಡಿ ಎಳೆಯಲ್ಲ. ಚೈನ್ ಸ್ಪೀಡು ಮತ್ತೆ ಗಾಡಿ ಗೇರು ಎರಡನ್ನೂ ನೋಡ್ಕೊಂಡು ಎಕರೆಗೆ ಎಷ್ಟು ಬೀಳ್ಬೇಕು ಅಂತ ಸೆಟ್ ಮಾಡ್ತಾರೆ. ಡ್ರೈವರ್ ಹುಡುಗ ಚೂಟಿ, "ಅಣ್ಣ, ಎಕರೆಗೆ ಎಷ್ಟ್ ಲೋಡ್ ಬೇಕು ಹೇಳ್ಬಿಡಿ, ಹಂಗೇ ಬೀಳಿಸ್ತೀನಿ" ಅಂದ, ಬೀಳಿಸಿದ ಕೂಡ. ಹೊಲದ ಮೇಲೆ ಒಂದೇ ಸಮ ಚೆಲ್ಲಿತ್ತು, ಹಿಡಿ ಗಾತ್ರದ ಉಂಡೆ ಹುಡುಕಿದ್ರೆ ಅಲ್ಲೊಂದು ಇಲ್ಲೊಂದು. ಆಳಿನ ಕೈಲಿ ಈ ಸಮಾನ ಬರೋದಿಲ್ಲ, ಇದು ಆಳಿಗೆ ಬೈತಿರೋದಲ್ಲ, ಬಿಸ್ಲಲ್ಲಿ ಮಂಕರಿ ಹೊತ್ತವ್ರಿಗೇ ಗೊತ್ತು ಅದ್ರ ಕಷ್ಟ.

ಈಗ ಎಚ್ಚರಿಕೆ. ನಿಮ್ಮ ತಿಪ್ಪೇಲಿ ಏನೇನಿದೆ ಅಂತ ನಿಮಗೆ ಗೊತ್ತಾ? ನಂಗೂ ಗೊತ್ತಿರ್ಲಿಲ್ಲ, ಮಷಿನ್ ತೋರಿಸ್ತು. ಎರಡ್ನೇ ಲೋಡ್‌ಗೇ ರೋಲರ್ ಕಿರ್ರ್ ಅಂತ ನಿಂತೋಯ್ತು. ಇಳಿದು ನೋಡಿದ್ರೆ ಹಲ್ಲಿನ ಸುತ್ತ ಹಳೇ ನೈಲಾನ್ ಮೂಗುದಾರ, ಹಿಂಡಿ ಚೀಲದ ದಾರ, ಹಾಲಿನ ಪ್ಯಾಕೆಟ್ಟು, ಯಾರೋ ಡಾಕ್ಟ್ರು ಹಸೂಗೆ ಕೊಟ್ಟು ಬಿಸಾಕಿದ ಸಿರಿಂಜು, ತೆಂಗಿನ ಮಟ್ಟೆ ಒಂದ್ ತುಂಡು ಅಡ್ಡಡ್ಡ ಸಿಕ್ಕಾಕ್ಕೊಂಡು ಎಲ್ಲ ಗಟ್ಟಿ ಹೆಣೆದಿತ್ತು. ಹುಡುಗ ಕುಡುಗೋಲು ತಗೊಂಡು ಒಂದೊಂದೇ ಎಳೆ ಕುಯ್ದು ತೆಗ್ದ, ಮೀಟರ್ ಓಡ್ತಾನೇ ಇತ್ತು. ಕೇಳಿದ್ದಕ್ಕೆ "ಕಸ ನಿಮ್ದಲ್ವಾ ಅಣ್ಣ" ಅಂದ, ಅದೂ ನಿಜಾನೇ ಬಿಡಿ. ಕರೆಸೋಕೆ ಮುಂಚೆ ತಿಪ್ಪೆ ಒಂದ್ಸಲ ಕೆದಕ್ಸಿ ಪ್ಲಾಸ್ಟಿಕ್, ಕಲ್ಲು, ಹಗ್ಗ ಆರಿಸಿಟ್ಕೊಳಿ. ಹಸಿ ಗೊಬ್ಬರ ಇದ್ರೆ ಅದು ಪುಡಿ ಆಗಲ್ಲ, ದೊಪ್ ದೊಪ್ ಅಂತ ಮುದ್ದೆ ಮುದ್ದೆಯಾಗೇ ಬೀಳುತ್ತೆ. ತೆಂಗಿನ ತೋಟದೊಳಗೆ ಇದನ್ನ ನುಗ್ಗಿಸ್ತೀನಿ ಅಂತ ಹೋಗ್ಬೇಡಿ, ತಿರುಗೋಕೆ ಜಾಗ ಸಾಲಲ್ಲ, ಮರದ ಬುಡಕ್ಕೆ ಮಂಕರಿನೇ ಗತಿ.

ಇಷ್ಟೇ ಆಗಿದ್ರೆ ನಾಲ್ಕೂವರೆ ಸ್ಟಾರ್ ಕೊಟ್ಟು ಸುಮ್ನಾಗ್ತಿದ್ದೆ. ತಲೆ ಕೆಡಿಸಿದ್ದು ಆ ಪಾಂಪ್ಲೆಟ್ಟು. "ನಮ್ಮ ಯಂತ್ರದಿಂದ ಹಸಿರುಮನೆ ಅನಿಲ ಕಡಿಮೆ" ಅಂತೆ. ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಓದ್ತಾನೆ, ಅವ್ನು ಊರಿಗೆ ಬಂದಾಗ ಇದನ್ನ ನೋಡಿ "ಮಾವ, ಸಗಣಿಯಿಂದ ಏನ್ ಗ್ಯಾಸು, ಟ್ರ್ಯಾಕ್ಟರ್ ಹೊಗೆ ತಾನೇ ಬರೋದು" ಅಂತ ನಕ್ಕ. ಇಬ್ರೂ ಕೂತು ಓದಿ ಲೆಕ್ಕ ಹಾಕಿದ್ಮೇಲೆ ನಗು ನಿಂತೋಯ್ತು.

ವಿಷ್ಯ ಏನಂದ್ರೆ ಗೊಬ್ಬರದಿಂದ ಬರೋದು ಒಂದೇ ಗ್ಯಾಸ್ ಅಲ್ಲ, ಮೂರು, ಒಂದೊಂದೂ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಟೈಮಲ್ಲಿ ಬರುತ್ತೆ. ಜನ ಎಲ್ಲಾನೂ ಒಟ್ಟಿಗೆ ಮಿಥೇನ್ ಅಂದ್ಬಿಡ್ತಾರೆ. ಮಿಥೇನ್ ಬರೋದು ಗಾಳಿ ಆಡ್ದಿರೋ ಕಡೆ, ಅಂದ್ರೆ ಹಸು ಹೊಟ್ಟೆ ಒಳಗೆ, ಆಮೇಲೆ ಮಳೆ ನೀರು ನಿಂತು ಕೊಳೀತಿರೋ ತಿಪ್ಪೆ ಒಳಗೆ, ಸಗಣಿ ನೀರು ತುಂಬಿಸಿಟ್ಟಿರೋ ಗುಂಡಿ ಒಳಗೆ. ಹೊಲದ ಮೇಲೆ ತೆಳ್ಳಗೆ ಚೆಲ್ಲಿದ್ ಮೇಲೆ ಗಾಳಿ ಆಡುತ್ತೆ, ಮಿಥೇನ್ ಆಲ್ಮೋಸ್ಟ್ ಮುಗ್ದ ಕತೆ. ಚೆಲ್ಲಿದ್ ಮೇಲೆ ಬರೋ ಮೇನ್ ಗ್ಯಾಸು ನೈಟ್ರಸ್ ಆಕ್ಸೈಡು. ಹಲ್ಲು ಕೀಳೋವಾಗ ಕೊಡೋ ಲಾಫಿಂಗ್ ಗ್ಯಾಸ್ ಇದ್ಯಲ್ಲ, ಅದೇ. ಬಣ್ಣ ಇಲ್ಲ, ಹೊಲದಲ್ಲಿ ನಿಂತ್ರೆ ವಾಸನೇನೂ ಗೊತ್ತಾಗಲ್ಲ, ಆದ್ರೆ 100 ವರ್ಷದ ಲೆಕ್ಕದಲ್ಲಿ ಒಂದ್ ಕೆಜಿ ನೈಟ್ರಸ್ ಆಕ್ಸೈಡು 273 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ ಅಂತ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2021ರ ವರದಿಲಿ ಇದೆ. ಮೇಲೆ ಹೋಗಿ ನೂರು ವರ್ಷದ ಮೇಲೆ ಅಲ್ಲೇ ಕೂತಿರುತ್ತೆ, ಸಾಲ್ದು ಅಂತ ಓಝೋನ್ ಪದರಕ್ಕೂ ತೊಂದ್ರೆ ಕೊಡುತ್ತೆ.

ಮೂರ್ನೇದು ಅಮೋನಿಯಾ. ಇದು ಸ್ವತಃ ಹಸಿರುಮನೆ ಅನಿಲ ಅಲ್ಲ, ಆದ್ರೆ ಗಾಳೀಲಿ ಹೋಗಿ ಇನ್ನೆಲ್ಲೋ ಮಣ್ಣಿಗೆ ಬಿದ್ದು ಅಲ್ಲಿ ಒಂದಿಷ್ಟು ಮತ್ತೆ ನೈಟ್ರಸ್ ಆಕ್ಸೈಡ್ ಆಗುತ್ತೆ. ಮೂಗಿಗೆ ಗೊತ್ತಾಗೋದು ಇದೊಂದೇ. ಗಂಜಲ ನೆನೆದ ಹುಲ್ಲು ಕೆದಕಿದ ತಕ್ಷಣ ಕಣ್ಣಲ್ಲಿ ನೀರು ಬರುತ್ತಲ್ಲ, ಆಗ ನಿಮ್ಮ ರಾಗಿಗೆ ಸೇರ್ಬೇಕಿದ್ದ ಸಾರಜನಕ ನಿಮ್ ಕಣ್ಮುಂದೆನೇ ಎದ್ದು ಹೋಗ್ತಿದೆ ಅಂತ ಅರ್ಥ.

ಈಗ ಮಣ್ಣಲ್ಲಿ ನೈಟ್ರಸ್ ಆಕ್ಸೈಡ್ ಹೆಂಗಾಗುತ್ತೆ ಅನ್ನೋದು ಗೊತ್ತಿದ್ರೆ ಯಾವಾಗ ಚೆಲ್ಬೇಕು ಅನ್ನೋದೂ ತಾನಾಗೇ ಗೊತ್ತಾಗುತ್ತೆ. ಗೊಬ್ಬರದ ಸಾರಜನಕ ಮೊದ್ಲು ಅಮೋನಿಯಂ ಆಗುತ್ತೆ, ಆಮೇಲೆ ಗಾಳಿ ಇರೋ ಮಣ್ಣಲ್ಲಿ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡುತ್ತೆ, ಬೆಳೆಗೆ ಬೇಕಾಗಿರೋದು ಅದೇ. ಈ ಹಂತದಲ್ಲೂ ಸ್ವಲ್ಪ ಸೋರುತ್ತೆ. ಜಾಸ್ತಿ ಸೋರೋದು ಜೋರು ಮಳೆ ಬಿದ್ದು ಮಣ್ಣಿನ ಸಂದಿ ಎಲ್ಲ ನೀರು ತುಂಬಿ ಗಾಳಿ ಇಲ್ದಂಗಾದಾಗ. ಆಗ ಇನ್ನೊಂದ್ ಜಾತಿ ಬ್ಯಾಕ್ಟೀರಿಯಾ ಉಸಿರಾಟಕ್ಕೆ ಗಾಳಿ ಸಿಗ್ದೆ ನೈಟ್ರೇಟ್‌ನಲ್ಲಿರೋ ಆಮ್ಲಜನಕಾನೇ ಕಿತ್ಕೊಂಡು ಬದುಕುತ್ತೆ, ಗೊಬ್ಬರದಲ್ಲಿರೋ ಸಾವಯವ ಅಂಶ ಅದಕ್ಕೆ ಊಟ, ಉಳ್ಕೊಂಡ ಸಾರಜನಕ ನೈಟ್ರಸ್ ಆಕ್ಸೈಡ್ ಆಗಿ ಹೊರಗೆ. ಪೂರ್ತಿ ಮುಳುಗಿದ ಗದ್ದೆ ಆದ್ರೆ ಅದು ಇನ್ನೂ ಮುಂದಕ್ಕೆ ಹೋಗಿ ಮಾಮೂಲಿ ಸಾರಜನಕ ಆಗ್ಬಿಡುತ್ತೆ, ಈ ಗ್ಯಾಸ್ ಲೆಕ್ಕದಲ್ಲಿ ನಷ್ಟ ಬೆಳೆಗೆ ಮಾತ್ರ, ಹವಾಮಾನಕ್ಕಲ್ಲ. ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಆಗೋದು ಅರ್ಧಂಬರ್ಧ ನೆನೆಯೋದು, ಒಣಗೋದು, ಮತ್ತೆ ನೆನೆಯೋದು, ಈ ಗ್ಯಾಸ್‌ಗೆ ಬೇಕಾಗಿರೋದೂ ಅದೇ ನೋಡಿ. ಬೆಳೆ ಇಲ್ದಿರೋ ಹೊಲದಲ್ಲಿ ಗೊಬ್ಬರ ಬಿದ್ದಿರ್ಬೇಕು, ಬೇರು ಹೀರ್ಕೊಳ್ಳೋಕೆ ಯಾರೂ ಇರ್ಬಾರ್ದು, ಆಗ ಒಂದ್ ದೊಡ್ಡ ಮಳೆ ಬರ್ಬೇಕು, ಅಲ್ಲಿಗೆ ಮುಗೀತು.

ಲೆಕ್ಕ ಇಷ್ಟಪಡದೋರು ಈ ಪ್ಯಾರಾ ಬಿಡಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಪರ್ಸೆಂಟು, ಅಂದ್ರೆ ಟನ್ನಿಗೆ 5 ಕೆಜಿ. ಮಳೆಯಾಶ್ರಿತ ರಾಗಿಗೆ ಕೃಷಿ ವಿವಿ ಹೇಳೋದು ಎಕರೆಗೆ 3 ಟನ್. ನಮ್ಮಲ್ಲಿ ತಿಪ್ಪೆ ದೊಡ್ಡದಿದ್ದೋರು ಊರ ಹತ್ರದ ಹೊಲಕ್ಕೆ 10 ಟನ್ ಸುರೀತಾರೆ, ದೂರದ ಹೊಲಕ್ಕೆ ಒಂದ್ ಮಂಕರೀನೂ ಹೋಗಲ್ಲ, ಅದು ಬೇರೆ ಪುರಾಣ. ಸರಿ, 10 ಟನ್ ಅಂದ್ರೆ 50 ಕೆಜಿ ಸಾರಜನಕ. ಐಪಿಸಿಸಿಯ 2006ರ ಮಾರ್ಗಸೂಚಿ ಪ್ರಕಾರ ಹಾಕಿದ ಸಾರಜನಕದಲ್ಲಿ 1 ಪರ್ಸೆಂಟ್ ನೈಟ್ರಸ್ ಆಕ್ಸೈಡ್ ರೂಪದಲ್ಲಿ ನೇರವಾಗಿ ಹೋಗುತ್ತೆ. ಅರ್ಧ ಕೆಜಿ ಸಾರಜನಕ, ಅದು ಆಮ್ಲಜನಕ ಸೇರಿ ಗ್ಯಾಸ್ ಆದಾಗ ತೂಕ 0.79 ಕೆಜಿ, ಅದನ್ನ 273ರಿಂದ ಗುಣಿಸಿದ್ರೆ ಸುಮಾರು 215 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಒಂದ್ ಲೀಟರ್ ಡೀಸೆಲ್ ಸುಟ್ರೆ ಬರೋದು ಹತ್ರತ್ರ 2.7 ಕೆಜಿ. ಅಂದ್ರೆ ಒಂದ್ ಎಕರೆಗೆ 10 ಟನ್ ಗೊಬ್ಬರ ಚೆಲ್ಲೋದು 80 ಲೀಟರ್ ಡೀಸೆಲ್ ಸುಟ್ಟಂಗೆ! 2019ರಲ್ಲಿ ಐಪಿಸಿಸಿಯವ್ರೇ ಇದನ್ನ ತಿದ್ದಿ ಒಣ ಹವೆ ಇರೋ ಕಡೆಗೆ ಅರ್ಧ ಪರ್ಸೆಂಟ್ ಅಂದ್ರು, ಹಂಗ್ ಹಿಡಿದ್ರೂ 40 ಲೀಟರ್. ಮಷಿನ್ ಕೆಲಸಕ್ಕೆ ರೋಟ್ರಿ (ಮಣ್ಣು ತಿರುವಿ ಗೊಬ್ಬರ ಒಳಗೆ ಸೇರ್ಸೋ ರೋಟಾವೇಟರ್) ಎಲ್ಲ ಸೇರಿ ಎಕರೆಗೆ ಹತ್ತು ಲೀಟರ್ ಒಳಗೇ ಡೀಸೆಲ್ ಖರ್ಚಾಗೋದು. ಅಕ್ಕನ ಮಗ ನಕ್ಕು ಹೇಳಿದ್ದ ಟ್ರ್ಯಾಕ್ಟರ್ ಹೊಗೆ ಇಲ್ಲಿ ಚಿಲ್ಲರೆ. ಅದೇ 3 ಟನ್ ಹಾಕಿದ್ರೆ 12ರಿಂದ 24 ಲೀಟರ್‌ಗೆ ಇಳಿಯುತ್ತೆ. ಹಂಗಾಗಿ ಎಕರೆಗೆ ಇಷ್ಟೇ ಬೀಳ್ಬೇಕು ಅಂತ ಸೆಟ್ ಮಾಡೋಕಾಗೋದೇ ಈ ಮಷಿನ್‌ನ ನಿಜವಾದ ಪರಿಸರ ಲಾಭ, ಒಂದೇ ತಿಪ್ಪೆ ಮೂರ್ ಹೊಲಕ್ಕೆ ಹಂಚ್ಬಹುದು, ಪಾಂಪ್ಲೆಟ್‌ನಲ್ಲಿ ಅದೊಂದ್ ಬಿಟ್ಟು ಮಿಕ್ಕಿದ್ದೆಲ್ಲ ಬರ್ದಿದಾರೆ.

ಅಂತ ಯಾರೂ ಗೊಬ್ಬರ ಬಿಟ್ಟು ಯೂರಿಯಾಗೆ ಓಡ್ಬೇಡಿ ಮತ್ತೆ. ಯೂರಿಯಾದಲ್ಲಿರೋ ಸಾರಜನಕಾನೂ ಇದೇ ತರ ಸೋರುತ್ತೆ, ತೇವ ಇರೋ ಪ್ರದೇಶದಲ್ಲಿ ಗೊಬ್ಬರಕ್ಕಿಂತ ಜಾಸ್ತಿನೇ ಅಂತ ಆ 2019ರ ತಿದ್ದುಪಡಿಲೇ ಇದೆ, ಜೊತೆಗೆ ಯೂರಿಯಾ ಮಾಡೋ ಫ್ಯಾಕ್ಟ್ರೀಲಿ ನ್ಯಾಚುರಲ್ ಗ್ಯಾಸ್ ಉರಿಯೋದು ಬೇರೆ. ಬೆಂಗಳೂರು ಕೃಷಿ ವಿವಿಯ ಜಿಕೆವಿಕೆ ಕ್ಯಾಂಪಸ್‌ನಲ್ಲಿ 1978ರಿಂದ ಮಳೆಯಾಶ್ರಿತ ರಾಗೀಲಿ ಒಂದೇ ಜಾಗದಲ್ಲಿ ಪ್ರಯೋಗ ಮಾಡ್ತಾ ಬಂದಿದಾರೆ, ಬರೀ ರಾಸಾಯನಿಕ ಗೊಬ್ಬರ ಹಾಕಿದ ಕಡೆ ಇಳುವರಿ ಬರ್ತಾ ಬರ್ತಾ ಬಿದ್ದು, ಕೊಟ್ಟಿಗೆ ಗೊಬ್ಬರ ಸೇರ್ಸಿ ಹಾಕಿದ ಕಡೆ ನಿಂತಿದೆ, ಮಣ್ಣಲ್ಲಿ ಇಂಗಾಲಾನೂ ಉಳ್ದಿದೆ. ಗೊಬ್ಬರ ಬೇಕೇ ಬೇಕು. ಪ್ರಶ್ನೆ ಇರೋದು ಚೆಲ್ಲಿದ್ ಮೇಲೆ ಏನು ಅಂತ.

ಇಲ್ಲಿಗೆ ಬಂತು ನನ್ನ ದೂರು. ಬುಕ್ ಮಾಡುವಾಗ ಮಾಲೀಕ್ರ ಹತ್ರ ಸ್ಪಷ್ಟ ಕೇಳಿದ್ದೆ, "ಚೆಲ್ಲಿದ್ ತಕ್ಷಣ ರೋಟ್ರಿ ಹೊಡೀಬೇಕು, ಗಾಡಿ ಇದ್ಯಾ?" "ಇದೆ ಸಾರ್, ಬೆಳಿಗ್ಗೆ ಸ್ಪ್ರೆಡರ್ರು, ಮಧ್ಯಾಹ್ನ ರೋಟ್ರಿ" ಅಂದ್ರು. ಬೆಳಿಗ್ಗೆ ಏಳಕ್ಕೇ ಸ್ಪ್ರೆಡರ್ ಬಂತು, ಹತ್ತೂವರೆಗೆಲ್ಲ ಹೊಲ ಮುಗೀತು, ನೋಡೋಕೆ ಚೆಂದ. ರೋಟ್ರಿ ಬರ್ಲಿಲ್ಲ. ಫೋನ್ ಮಾಡಿದ್ರೆ "ಹಾಲ್ಕುರ್ಕೆ ಹತ್ರ ಇದೆ ಸಾರ್, ಬಂತು" ಅಂದ್ರು, ಸಂಜೆ "ಬ್ಲೇಡ್ ಮುರೀತು ಸಾರ್", ಮಾರನೇ ದಿನ ಫೋನೇ ಎತ್ತಲ್ಲ. ಅಷ್ಟೊತ್ತಿಗೆ ಹೊಲದ ಮೇಲೆ ಮಟಮಟ ಮಧ್ಯಾಹ್ನದ ಬಿಸ್ಲು, ಗಾಳಿ ಬೇರೆ, ಬೆಳಿಗ್ಗೆ ಘಮ್ಮಂತ ಬರ್ತಿದ್ದ ವಾಸ್ನೆ ಸಂಜೆಗೆ ಇಲ್ಲ, ಗೊಬ್ಬರ ಒಣಗಿ ಹುಡಿ. ಆಮೇಲೆ ಕೃತ್ತಿಕಾ ಮಳೆ ಹುಯ್ತು. ಇಳಿಜಾರಿನ ಕಡೆ ಗೊಬ್ಬರ ತೇಲ್ಕೊಂಡು ಬದುವಿನ ಹತ್ರ ಗೆರೆ ಕಟ್ಟಿತ್ತು. ಮಷಿನ್ ಒಂದೇ ಸಮ ಚೆಲ್ಲಿದ್ದೂ ಹೋಯ್ತು, ದುಡ್ಡೂ ಹೋಯ್ತು. ರೋಟ್ರಿ ಬಂದಾಗ ಮಣ್ಣು ಹಸಿ, ಹೊಡೆಸೋ ಹಂಗಿರ್ಲಿಲ್ಲ, ವಾಪಸ್ ಕಳಿಸ್ದೆ, ಬಂದ ಬಾಡಿಗೆ ಕೊಡಿ ಅಂತ ಅದಕ್ಕೂ ಜಗಳ.

ಇದು ಬರೀ ನನ್ನ ಸಿಟ್ಟಲ್ಲ, ಇಲ್ಲೇ ವಿಷಯ ಇರೋದು. ಅಮೋನಿಯಾ ಹೋಗೋದ್ರಲ್ಲಿ ಬಹುಪಾಲು ಚೆಲ್ಲಿದ ಮೊದಲ ಕೆಲವು ಗಂಟೇಲಿ, ಹೆಚ್ಚಂದ್ರೆ ಮೊದಲ ಒಂದೆರಡು ದಿನದಲ್ಲಿ ಹೋಗ್ಬಿಡುತ್ತೆ. ಬಿಸ್ಲು, ಗಾಳಿ, ಹಸಿ ಗೊಬ್ಬರ ಮೂರೂ ಸೇರಿದ್ರೆ ಇನ್ನೂ ಬೇಗ. ಮಷಿನ್ ಅದನ್ನ ಪುಡಿ ಮಾಡಿ ತೆಳ್ಳಗೆ ಹರಡುತ್ತೆ ನೋಡಿ, ಗಾಳಿಗೆ ತಾಗೋ ಮೇಲ್ಮೈ ಗುಡ್ಡೆಗಿಂತ ಎಷ್ಟೋ ಪಾಲು ಜಾಸ್ತಿ, ಆದ್ದರಿಂದ ರೋಟ್ರಿ ಹಿಂದೇನೇ ಬರ್ಲಿಲ್ಲ ಅಂದ್ರೆ ಮಷಿನ್ ಕರೆಸಿದ್ದೇ ಅಮೋನಿಯಾ ಬೇಗ ಓಡ್ಸೋಕೆ ಅಂದಂಗಾಯ್ತು! ಐಪಿಸಿಸಿ ಲೆಕ್ಕದಲ್ಲಿ ಹೊಲಕ್ಕೆ ಹಾಕಿದ ಗೊಬ್ಬರದ ಸಾರಜನಕದಲ್ಲಿ ಸರಾಸರಿ ಐದ್ರಲ್ಲೊಂದು ಪಾಲು ಹಿಂಗೆ ಗಾಳಿಗೆ ಹೋಗುತ್ತೆ. 10 ಟನ್‌ನಲ್ಲಿ 10 ಕೆಜಿ, ಹತ್ರತ್ರ ಅರ್ಧ ಚೀಲ ಯೂರಿಯಾದಷ್ಟು. ಯೂರಿಯಾ ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಸಬ್ಸಿಡಿ ರೇಟು, ಅದಕ್ಕೇ ಯಾರಿಗೂ ಇದು ನಷ್ಟ ಅಂತ ಅನ್ಸೋದೇ ಇಲ್ಲ. ಚೀಲಕ್ಕೆ ಸಾವಿರದ ಮೇಲಿದ್ದಿದ್ರೆ ಊರಲ್ಲೆಲ್ಲ ರೋಟ್ರಿ ಸ್ಪ್ರೆಡರ್ ಹಿಂದೇನೇ ಓಡ್ತಿತ್ತು.

ಚೆನ್ನಾಗಿ ಕಳಿತ ಗೊಬ್ಬರ ಆದ್ರೆ ಇಷ್ಟು ಹೋಗಲ್ಲ ಅನ್ನೋದೂ ಹೇಳ್ಬೇಕು, ಕಳಿಯುವಾಗ್ಲೇ ಒಂದಷ್ಟು ತಿಪ್ಪೇಲೇ ಹೋಗಿರುತ್ತೆ, ಉಳ್ದಿದ್ದು ಗಟ್ಟಿಯಾಗಿ ಕೂತಿರುತ್ತೆ. ಹಸಿ ಸಗಣಿ ಜಾಸ್ತಿ ಇದ್ರೆ ಗೊಣ್ಣೆ ಹುಳದ ಕಾಟಾನೂ ಗ್ಯಾರಂಟಿ, ಕಳೆ ಬೀಜಾನೂ ಹೊಲ ಸೇರುತ್ತೆ. ಕೋಳಿ ಗೊಬ್ಬರ ತರ್ಸೋರು ಮಾತ್ರ ಹುಷಾರು, ಅದ್ರಲ್ಲಿ ಸಾರಜನಕ ಸುಮಾರು 3 ಪರ್ಸೆಂಟು, ಕೊಟ್ಟಿಗೆ ಗೊಬ್ಬರದ ಆರರಷ್ಟು, ಲಾರಿ ಟಾರ್ಪಲ್ ತೆಗೀತಿದ್ದಂಗೇ ಕಣ್ಣುರಿ. ಅದನ್ನ ಚೆಲ್ಲಿ ಒಂದ್ ದಿನ ಬಿಟ್ರಿ ಅಂದ್ರೆ ಕೊಟ್ಟ ದುಡ್ಡಲ್ಲಿ ಎಷ್ಟು ಪಾಲು ಹೋಯ್ತೋ ದೇವ್ರೇ ಬಲ್ಲ. ಕೋಳಿ ಗೊಬ್ಬರ ಅದೇ ಮಷಿನ್‌ನಲ್ಲಿ ಹೊಡಿತೀವಿ ಅಂತ ಇವ್ರೂ ಹೇಳ್ತಾರೆ, ನಾನ್ ನೋಡಿಲ್ಲ.

ಒಂದ್ ಸಣ್ಣ ಅಡ್ಡಿ ಮಾತು. ಮಣ್ಣಿಗೆ ಸೇರ್ಸಿದ್ ಮೇಲೆ ಅಮೋನಿಯಾ ಉಳಿಯುತ್ತೆ ಸರಿ, ಆದ್ರೆ ಉಳಿದ ಸಾರಜನಕ ಮಣ್ಣಲ್ಲೇ ಇರೋದ್ರಿಂದ ಅಲ್ಲಿ ನೈಟ್ರಸ್ ಆಕ್ಸೈಡ್ ಸ್ವಲ್ಪ ಜಾಸ್ತಿ ಆಗೋ ಚಾನ್ಸ್ ಇದೆ. ಅಂದ್ರೆ ರೋಟ್ರಿ ಒಂದೇ ಮದ್ದಲ್ಲ. ಬಿತ್ತನೆಗೆ ಹತ್ರ ಚೆಲ್ಬೇಕು, ಬೇರು ಬರೋ ಟೈಮಿಗೆ ಸಾರಜನಕ ರೆಡಿ ಇರ್ಬೇಕು, ಮತ್ತೆ ಗೊಬ್ಬರದಲ್ಲಿ ಎಷ್ಟು ಹೋಯ್ತೋ ಅಷ್ಟು ಯೂರಿಯಾ ಕಡ್ಮೆ ಮಾಡ್ಬೇಕು. ಗೊಬ್ಬರಾನೂ ದಂಡಿ, ಯೂರಿಯಾನೂ ದಂಡಿ ಹಾಕಿ ಆಮೇಲೆ ಪರಿಸರ ಸ್ನೇಹಿ ಅಂತ ಬೋರ್ಡ್ ಹಾಕ್ಕೊಂಡ್ರೆ ಏನ್ ಬಂತು. ನಮ್ಮಪ್ಪ ಮಾರ್ಚ್‌ನಲ್ಲೇ ಗುಡ್ಡೆ ಹಾಕ್ಸಿ ಮುಗಿಸ್ಬೇಕು ಅಂತ ಗಡಿಬಿಡಿ ಮಾಡ್ತಾರೆ, ಆಗ ಟ್ರ್ಯಾಕ್ಟರ್ ಖಾಲಿ ಇರುತ್ತೆ ಅಂತ. ರೋಹಿಣಿ, ಮೃಗಶಿರಾ ಹೊತ್ತಿಗೆ ಎಲ್ರಿಗೂ ಒಟ್ಟಿಗೇ ಬೇಕು, ಸ್ಪ್ರೆಡರ್ರೂ ಸಿಗಲ್ಲ ರೋಟ್ರೀನೂ ಸಿಗಲ್ಲ. ಹಂಗಾಗಿ ತಪ್ಪು ಟೈಮಲ್ಲಿ ಚೆಲ್ಲೋದು ರೈತ್ರಿಗೆ ಗೊತ್ತಿಲ್ಲ ಅಂತಲ್ಲ, ಗಾಡಿ ಸಿಗೋದೇ ತಪ್ಪು ಟೈಮಲ್ಲಿ. ಬಾಡಿಗೆ ಸರ್ವೀಸಿನವ್ರು ಸರಿ ಮಾಡ್ಬೇಕಾಗಿರೋದು ಇದನ್ನ.

ಹಾಲೆಂಡ್‌ನಲ್ಲಿ ಸಗಣಿ ನೀರನ್ನ ಹೊಲದ ಮೇಲೆ ಸುಮ್ನೆ ಎರಚೋಕೆ 1990ರ ದಶಕದಿಂದ್ಲೇ ಬಿಡಲ್ಲ, ಮಣ್ಣು ಸೀಳಿ ಒಳಗೆ ಇಳಿಸೋ ಮಷಿನ್ನೇ ಬೇಕು. ಡೆನ್ಮಾರ್ಕ್‌ನಲ್ಲಿ ಸಗಣಿ ನೀರಿಗೆ ಸಲ್ಫ್ಯೂರಿಕ್ ಆಸಿಡ್ ಬೆರ್ಸಿ ಅಮೋನಿಯಾ ಹಿಡಿದಿಡ್ತಾರೆ. ಇದನ್ನ ಅಕ್ಕನ ಮಗ ಹೇಳಿದಾಗ ಅಪ್ಪ "ನಮ್ ಸಗಣಿಗೆ ಆಸಿಡ್ ಹಾಕ್ತೀನಿ ಅಂತ ಬಂದ್ರೆ ಕಾಲ್ ಮುರೀತೀನಿ" ಅಂದ್ರು. ಅಲ್ಲಿ ಸಾವಿರಗಟ್ಲೆ ಹಸು ಒಂದೇ ಕಡೆ, ಎಲ್ಲ ನೀರು ನೀರಾದ ಸ್ಲರಿ. ನಮ್ದು ನಾಲ್ಕ್ ಹಸು, ಹುಲ್ಲು ಬೆರೆತ ಗಟ್ಟಿ ಗೊಬ್ಬರ, ಅವ್ರ ಮಷಿನ್ ಇಲ್ಲಿಗಾಗಲ್ಲ. ಆದ್ರೆ ಚೆಲ್ಲಿದ ತಕ್ಷಣ ಮುಚ್ಚು ಅನ್ನೋ ನಿಯಮ ಎಲ್ಲಿಗಾದ್ರೂ ಆಗುತ್ತೆ, ಅದಕ್ಕೆ ಹಾಲೆಂಡ್ ಮಷಿನ್ ಬೇಡ, ಒಂದ್ ಕಲ್ಟಿವೇಟರ್ ಸಾಕು.

ಮಾಲೀಕ್ರು ಇನ್ನೊಂದ್ ಮಾತು ಆಡಿದ್ರು, "ಮುಂದೆ ಕಾರ್ಬನ್ ಕ್ರೆಡಿಟ್ ಬರುತ್ತೆ ಸಾರ್, ನಿಮ್ಮ ಅಕೌಂಟಿಗೇ ದುಡ್ಡು." ಅಂದ್ರೆ ಇಂಥ ಗ್ಯಾಸ್ ಕಡಿಮೆ ಮಾಡಿದ್ದಕ್ಕೆ ಸಿಗೋ ದುಡ್ಡು. ಗೊಬ್ಬರ ಚೆಲ್ಲಿದ್ದಕ್ಕೆ ಹಂಗೆಲ್ಲ ಬರಲ್ಲ ಕಣ್ರೀ, ನಂಬ್ಕೊಂಡು ಆಧಾರ್ ಗೀಧಾರ್ ಕೊಟ್ಟು ಸೈನ್ ಹಾಕ್ಬೇಡಿ. ಕಾರ್ಬನ್ ದುಡ್ಡು ನಿಜವಾಗ್ಲೂ ಬಂದಿರೋ ಉದಾಹರಣೆ ಕರ್ನಾಟಕದಲ್ಲಿ ಇದೆ, ಬಾಗೇಪಲ್ಲಿ ಕೂಲಿ ಸಂಘದ್ದು, ಗೋಬರ್ ಗ್ಯಾಸ್ ಪ್ಲಾಂಟ್‌ದು. 5,500 ಮನೆಗೆ 2 ಘನ ಮೀಟರ್‌ದು ಕಟ್ಸೋ ಯೋಜನೆ, 2005ರಲ್ಲಿ ಕ್ಯೋಟೊ ಹವಾಮಾನ ಒಪ್ಪಂದದಲ್ಲಿ ಇಂಥ ಕ್ರೆಡಿಟ್ ಕೊಡೋ ಸಿಡಿಎಂ ಅನ್ನೋ ಸ್ಕೀಮ್ ಕೆಳಗೆ ರಿಜಿಸ್ಟರ್ ಆಗಿತ್ತು. ಅಲ್ಲಿ ಅಳೆಯೋಕೆ ಒಂದ್ ವಸ್ತು ಇದೆ, ಒಲೆ ಉರೀತಾ ಇಲ್ವಾ ಅಂತ ಹೋಗಿ ನೋಡ್ಬಹುದು. ಹೊಲದಿಂದ ಎಷ್ಟು ನೈಟ್ರಸ್ ಆಕ್ಸೈಡ್ ಹೋಗ್ಲಿಲ್ಲ ಅಂತ ನಮ್ಮ ಎಕರೆ ಎರಡೆಕರೇಲಿ ಯಾರ್ ಅಳೀತಾರೆ? ಮಳೆ ಬಿದ್ದ ದಿನ ಒಂದು, ಒಣಗಿದ ದಿನ ಇನ್ನೊಂದು, ಅದೇ ಹೊಲದ ಈ ಮೂಲೆ ಒಂದು ಆ ಮೂಲೆ ಒಂದು.

ಗೋಬರ್ ಗ್ಯಾಸ್ ಮಾತು ಬಂತಲ್ಲ, ಮಿಥೇನ್ ವಿಷಯದಲ್ಲಿ ಏನಾದ್ರೂ ಮಾಡ್ಬೇಕು ಅಂದ್ರೆ ಸ್ಪ್ರೆಡರ್‌ಗಿಂತ ಅದೇ ಮೇಲು, ತಿಪ್ಪೇಲಿ ಸುಮ್ನೆ ಹೋಗೋದು ಒಲೇಲಿ ಉರಿಯುತ್ತೆ. 2 ಘನ ಮೀಟರ್ ಪ್ಲಾಂಟ್‌ಗೆ ದಿನಕ್ಕೆ 50 ಕೆಜಿ ಸಗಣಿ, ಅಷ್ಟೇ ನೀರು. ಪೈಪ್ ಲೀಕ್ ಇದ್ರೆ ಮಾತ್ರ ಉಲ್ಟಾ, ಉರೀಬೇಕಿದ್ದ ಮಿಥೇನ್ ಹಂಗೇ ಮೇಲಕ್ಕೆ. ಅದ್ರಿಂದ ಹೊರಗೆ ಬರೋ ಬಗ್ಗಡ ಇದ್ಯಲ್ಲ, ಅದ್ರಲ್ಲಿ ಅಮೋನಿಯಂ ಪಾಲು ಹಸಿ ಸಗಣಿಗಿಂತ ಜಾಸ್ತಿ, ಬೆಳೆಗೆ ಬೇಗ ಸಿಗುತ್ತೆ, ಬಿಸ್ಲಲ್ಲಿ ಮೇಲೆ ಚೆಲ್ಲಿದ್ರೆ ಬೇಗ ಹಾರಿಯೂ ಹೋಗುತ್ತೆ. ಅದನ್ನ ಸಂಜೆ ಹೊತ್ತು ತೆಂಗಿನ ಪಾತಿಗೆ ಬಿಟ್ಟು ಮಣ್ಣು ಮುಚ್ಚೋದು ವಾಸಿ. ಸ್ಪ್ರೆಡರ್‌ನಲ್ಲಿ ಹಾಕೋ ಹಂಗೇ ಇಲ್ಲ, ಡಬ್ಬದಿಂದ ಸೋರೋಗುತ್ತೆ.

ಹಿಕ್ಕೆ ಗಂಜಲ ಹೊಲಕ್ಕೇ ಬೀಳ್ಲಿ ಅಂತ ರಾತ್ರಿ ಕುರಿ ಮಂದೆ ಹಾಕ್ಸೋರು ಕೇಳ್ತೀರಿ, ಅದಕ್ಕಿಂತ ಇದು ಮೇಲಾ ಅಂತ. ಮಂದೇಲಿ ಹೊರೋದು ಇಲ್ಲ, ಡೀಸೆಲ್ ಇಲ್ಲ, ತಿಪ್ಪೇಲಿ ಕೊಳೆಯೋದಿಲ್ಲ, ಆದ್ದರಿಂದ ಮಿಥೇನ್ ಲೆಕ್ಕದಲ್ಲಿ ಕುರಿಯೋರದ್ದೇ ಗೆಲುವು. ಗಂಜಲ ಅಲ್ಲೇ ಬೀಳೋದ್ರಿಂದ ಅಮೋನಿಯಾ ಅದ್ರಲ್ಲೂ ಹೋಗುತ್ತೆ, ಮಂದೆ ಎದ್ದ ಬೆಳಿಗ್ಗೇನೇ ಉತ್ರೆ ಉಳಿಯುತ್ತೆ. ನಂಗೆ ಕೇಳಿದ್ರೆ ಕುರಿಯೋರು ಸಿಕ್ಕಿದ್ರೆ ಕುರಿಗೇ ಹೋಗಿ, ಆದ್ರೆ ಈಗ ಅವ್ರು ಬರೋದು ಅಪರೂಪ, ಬಂದ್ರೂ ದೊಡ್ಡ ಹೊಲದೋರು ಮೊದ್ಲೇ ಹಿಡ್ಕೊಂಡಿರ್ತಾರೆ.

ಇಷ್ಟೆಲ್ಲ ಬರ್ದಿದ್ದಕ್ಕೆ ಭಾರತದ ಬಿಸಿ ಎಲ್ಲ ರೈತ್ರ ತಿಪ್ಪೆಯಿಂದ್ಲೇ ಅಂತ ಯಾರೂ ತಿಳ್ಕೊಬೇಡಿ. ಸರ್ಕಾರ ವಿಶ್ವಸಂಸ್ಥೆಗೆ ಕೊಟ್ಟ 2020ರ ಲೆಕ್ಕದಲ್ಲಿ ಕೃಷಿ ಪಾಲು ಸುಮಾರು 13.7 ಪರ್ಸೆಂಟು, ಮುಕ್ಕಾಲು ಪಾಲು ಇಂಧನ ಸುಡೋದ್ರಿಂದ. ಕೃಷಿಯೊಳಗೂ ದೊಡ್ಡದು ಹಸು ಎಮ್ಮೆ ತೇಗೋ ಮಿಥೇನು. ನಮ್ಮ ಗೊಬ್ಬರದ್ದು ಅದರಲ್ಲೊಂದು ಮೂಲೆ. ಆದ್ರೆ ಈ ಮೂಲೇಲಿ ಉಳಿಸಿದ್ದು ನೇರ ನಮ್ಮ ಹೊಲಕ್ಕೇ ಬರುತ್ತೆ, ನಂಗೆ ಅಷ್ಟ್ ಸಾಕು.

ರಾಗಿ ಹೆಂಗ್ ಬಂತು ಅಂದ್ರೆ, ಮೇಲಿನ ತಾಕಲ್ಲಿ ನಮ್ಮ ಭಾವನ ಕಲ್ಟಿವೇಟರ್ ಸಿಕ್ಕಿ ಅವತ್ತೇ ಉತ್ತಿದ್ವಿ, ಅಲ್ಲಿ ಒಂದೇ ಎತ್ತರ, ಒಂದೇ ಬಣ್ಣ, ಗುಡ್ಡೆ ಗುರುತೇ ಇಲ್ಲ. ರೋಟ್ರಿ ಕಾಯ್ಕೊಂಡು ಕೂತ ಕೆಳಗಿನ ತಾಕಲ್ಲಿ ಬದುವಿನ ಪಕ್ಕ ಮಾತ್ರ ಹುಲುಸು, ನಡುವೆ ಸುಮಾರು. ಇದ್ರಲ್ಲಿ ಎಷ್ಟು ಅಮೋನಿಯಾ ಪಾಲು, ಎಷ್ಟು ಕೊಚ್ಚಿ ಹೋಗಿದ್ದು ಅಂತ ಬಿಡಿಸಿ ಹೇಳೋಕಾಗಲ್ಲ, ಎರಡೂ ತಡ ಆಗಿದ್ರಿಂದ್ಲೇ.

ಬುಕ್ ಮಾಡೋರಿಗೆ: ರೋಟ್ರಿನ ಇವ್ರ ಮೇಲೆ ನಂಬ್ಕೊಂಡು ಕೂರ್ಬೇಡಿ, ಸರ್ಕಾರದ ಯಂತ್ರ ಬಾಡಿಗೆ ಕೇಂದ್ರ ಕೃಷಿ ಯಂತ್ರಧಾರೇಲೋ ಪಕ್ಕದ ಹೊಲದೋರದ್ದೋ ಗಾಡಿ ಬಂದು ಬದುವಿನ ಮೇಲೆ ನಿಂತ್ಮೇಲೆ ಸ್ಪ್ರೆಡರ್ ಒಳಗೆ ಬಿಡಿ. ಬಿಸ್ಲು ಇದ್ರೆ ಸಂಜೆ ನಾಲ್ಕರ ಮೇಲೆ ಚೆಲ್ಸಿ, ಲೈಟ್ ಹಾಕ್ಕೊಂಡು ಉಳ್ಸಿ. ಜೋರು ಮಳೆ ಮುನ್ಸೂಚನೆ ಇದ್ರೆ ಕ್ಯಾನ್ಸಲ್ ಮಾಡಿ, ಅಡ್ವಾನ್ಸ್ 500 ಹೋದ್ರೆ ಹೋಗ್ಲಿ. ಗಂಟೆ ಲೆಕ್ಕ ರೋಲರ್ ತಿರುಗಿದ್ದಕ್ಕೆ ಮಾತ್ರ, ಸಿಕ್ಕಾಕ್ಕೊಂಡು ನಿಂತಿದ್ದಕ್ಕೆ ಅರ್ಧ ಅಂತ ಮೊದ್ಲೇ ಬಾಯಲ್ಲಿ ಹೇಳ್ಸಿ, ಮೂರು ಗಂಟೆ ಮಿನಿಮಮ್ ಅಂತಾರೆ, ಸಣ್ಣ ತಾಕಿನೋರು ಇಬ್ರು ಮೂವರು ಸೇರ್ಕೊಂಡು ಕರೆಸಿ. ಸ್ಪ್ರೆಡರ್ರೂ ರೋಟ್ರೀನೂ ಒಟ್ಟಿಗೆ ಒಂದೇ ರೇಟಿಗೆ ಕೊಡ್ತೀವಿ ಅಂತ ಮೊನ್ನೆ ಮಾಲೀಕ್ರು ಫೋನಲ್ಲಿ ಹೇಳಿದ್ರು, ಕೊಟ್ಟ ದಿನ ಬಂದು ಸರ್ವೀಸ್ ಸ್ಟಾರ್ ಏರಿಸ್ತೀನಿ.